ಶನಿವಾರವೇ ತೊಳೆದಿಟ್ಟ ಕಾಲು

ವಿನಯದಲ್ಲಿ ತನ್ನನ್ನು ಮೀರಿಸುವವರು ಕ್ಲೈನ್‌ಫೆಲ್ಡ್ ಊರಿನಲ್ಲಿ ಯಾರೂ ಇಲ್ಲವೆಂದು ಯುಸ್ತೀನಾ ಹಾರ್ಡರ್‌ಗೆ ಗಟ್ಟಿ ನಂಬಿಕೆಯಿತ್ತು. ಇಂಥ ನಂಬಿಕೆ ಇಟ್ಟುಕೊಂಡವಳು ವಿನಯವಂತೆ ಹೇಗಾದಾಳು ಎಂಬ ಪ್ರಶ್ನೆಯೂ ಆಗಾಗ ಅವಳಿಗೇ ಬರುತ್ತಿತ್ತು. ಬಂದಾಗ ತನ್ನನ್ನು ತಾನೇ ಚೆನ್ನಾಗಿ ಬೈದುಕೊಳ್ಳುತ್ತಿದ್ದಳು. ಹೀಗೆ ತಮ್ಮನ್ನು ತಾವೇ ಬೈದುಕೊಳ್ಳುವ ಹೆಂಗಸರು ಊರಿನಲ್ಲಿ ಇನ್ನೆಷ್ಟು ಜನ ಇದ್ದಾರು ಎಂದು ಮತ್ತೆ ಸ್ವಲ್ಪ ಹಿಗ್ಗುತ್ತಿದ್ದಳು.

ಆ ಶನಿವಾರ ಮಧ್ಯಾಹ್ನ ಅವಳು ಅಡುಗೆಮನೆಯ ಬಾಗಿಲು ಹಾಕಿಕೊಂಡು ಕಾಲು ತಿಕ್ಕುತ್ತಿದ್ದಳು. ಮರುದಿನ ಸಭೆಮನೆಯಲ್ಲಿ ರೊಟ್ಟಿ ಮುರಿಯುವ ಭಾನುವಾರ. ರೊಟ್ಟಿ, ದ್ರಾಕ್ಷಾರಸ ಆದಮೇಲೆ ಕಾಲು ತೊಳೆಯುವ ಸೇವೆ. ಪಕ್ಕದಲ್ಲಿ ಕೂತವಳ ಮುಂದೆ ಮಂಡಿಯೂರಿ ಅವಳ ಕಾಲು ತೊಳೆದು ಒರೆಸಬೇಕು. ಆಮೇಲೆ ಅವಳು ನಿಮ್ಮ ಕಾಲು ತೊಳೆಯುತ್ತಾಳೆ. ಯೇಸು ತನ್ನ ಶಿಷ್ಯರಿಗೆ ಮಾಡಿ ತೋರಿಸಿದ್ದು ಹಾಗೆ. ಆ ಶಿಷ್ಯರ ಕಾಲಿಗೆ ದಾರಿಯ ಧೂಳು ಮೆತ್ತಿತ್ತು. ಕ್ಲೈನ್‌ಫೆಲ್ಡ್ ಹೆಂಗಸರ ಕಾಲಿನಲ್ಲಿ ಧೂಳು ಸಿಗುವ ಮಾತೇ ಇಲ್ಲ. ಹಿಂದಿನ ದಿನವೇ ಮನೆಮನೆಯಲ್ಲೂ ಬಾಗಿಲು ಹಾಕಿಕೊಂಡು, ತೊಳೆದು, ಉಗುರು ಕತ್ತರಿಸಿ, ಹಿಮ್ಮಡಿಯ ಬಿರುಕಿಗೆ ಹೆಬ್ಬಾತಿನ ಕೊಬ್ಬು ಸವರಿ, ತೇಪೆಯಿಲ್ಲದ ಕಾಲುಚೀಲ ತೆಗೆದಿಟ್ಟಿರುತ್ತಾರೆ. ಕೊಳಕೇ ಇಲ್ಲದ ಕಾಲನ್ನು ತೊಳೆಸಿಕೊಳ್ಳುವ ವಿನಯ ಅವರದು.

ಈ ಸಲ ಯುಸ್ತೀನಾ ಎಂದಿಗಿಂತ ಜೋರಾಗಿ ತಿಕ್ಕುತ್ತಿದ್ದಳು. ಕಾರಣ ಮಗಳು ಫ್ರೀಡಾ. ಹದಿನೆಂಟರ ಆ ಹುಡುಗಿಗೆ ಹಿಂದಿನ ಭಾನುವಾರವಷ್ಟೇ ನದಿಯಲ್ಲಿ ದೀಕ್ಷಾಸ್ನಾನವಾಗಿತ್ತು. ನಾಳೆ ಅವಳಿಗೆ ಮೊದಲ ರೊಟ್ಟಿ, ಮೊದಲ ಕಾಲು ತೊಳೆಯುವ ಸೇವೆ. ಅವಳು ತನ್ನ ಪಕ್ಕ ಕೂರಬೇಕು, ತನ್ನ ಮುಂದೆ ಮಂಡಿಯೂರಬೇಕು, ಹೆಂಗಸರ ಕಡೆಯ ಬೆಂಚುಗಳೆಲ್ಲ ಅದನ್ನು ನೋಡಬೇಕು, ಟ್ರೂಡಕ್ಕನಂತೂ ಕಣ್ಣು ಬಿಟ್ಟುಕೊಂಡು ನೋಡಬೇಕು. ಫ್ರೀಡಾಳ ತಾಯಿ ಯಾರು ಎಂಬುದು ಒಂದು ಸಲ ನಾಲ್ಕು ಜನರ ಎದುರಿಗೆ ಇತ್ಯರ್ಥವಾಗಿಬಿಡಬೇಕು. ಯುಸ್ತೀನಾಗೆ ಬೇಕಾಗಿದ್ದುದು ಇಷ್ಟೇ.

ಅದು ಇತ್ಯರ್ಥವಾಗದೆ ಉಳಿದದ್ದು ಒಂದು ಕಣ್ಣುಬೇನೆಯ ದೆಸೆಯಿಂದ. ಹದಿನೈದು ವರ್ಷದ ಕೆಳಗೆ, ರಷ್ಯಾದ ದಂಗೆ, ಹಸಿವು ಎಲ್ಲ ದಾಟಿ, ಗಂಡ ಪೇಟರ್, ಮೂರು ವರ್ಷದ ಫ್ರೀಡಾ ಮತ್ತು ಅವಳು ಕೆನಡಾಕ್ಕೆ ಹೊರಟಿದ್ದರು. ನಡುದಾರಿಯಲ್ಲಿ ಇಂಗ್ಲೆಂಡಿನ ಬಂದರಿನ ಡಾಕ್ಟರು ಅವಳ ರೆಪ್ಪೆ ಮಗುಚಿ ನೋಡಿ, ಒಳಗೆ ಹರಳು ಕಟ್ಟಿದೆ, ಈ ಕಣ್ಣು ಕೆನಡಾಕ್ಕೆ ಹೋಗುವ ಹಾಗಿಲ್ಲ ಎಂದ. ಗಂಡ, ಮಗು ಮುಂದಿನ ಹಡಗಿಗೆ ಹೋದರು. ಅವಳು ಎರಡು ವರ್ಷ ಶಿಬಿರದಲ್ಲಿ ಉಳಿದು ರೆಪ್ಪೆಗೆ ಮೈಲುತುತ್ತದ ಕಡ್ಡಿ ಉಜ್ಜಿಸಿಕೊಂಡಳು. ಅಳಬೇಡಮ್ಮ, ಅತ್ತರೆ ಮದ್ದು ಹರಿದುಹೋಗುತ್ತದೆ ಎಂದು ಡಾಕ್ಟರು ಹೇಳಿದ್ದ. ಹಾಗಾಗಿ ಅಳುವುದನ್ನು ಬಿಟ್ಟು ದೇವರೊಂದಿಗೆ ಮಾತಾಡಿದಳು. ಮೊದಲು ಬೇಡಿದಳು, ಆಮೇಲೆ ಚೌಕಾಸಿ ಮಾಡಿದಳು, ಕೊನೆಗೆ ಜಗಳವನ್ನೇ ಆಡಿದಳು. ಮಗಳನ್ನು ಇನ್ನೊಮ್ಮೆ ತೋರಿಸಿದರೆ ಸಾಯುವತನಕ ಮತ್ತೇನೂ ಕೇಳುವುದಿಲ್ಲ ಎಂದು ಮಾತು ಕೊಟ್ಟಳು. ಅವರ ಪಂಥದಲ್ಲಿ ಆಣೆ ಇಡುವ ಪದ್ಧತಿಯಿಲ್ಲ, ಅದಕ್ಕೇ ಬರಿಯ ಮಾತು. ದೇವರು ತನ್ನ ಪಾಲಿನದು ನಡೆಸಿಕೊಟ್ಟ. ಅವಳು ಮಾತ್ರ ರೈಲಿಳಿದ ದಿನದಿಂದಲೇ ಮತ್ತೆ ಕೇಳುವುದಕ್ಕೆ ಶುರುಮಾಡಿದಳು.

ರೈಲು ನಿಲ್ದಾಣದಲ್ಲಿ ಐದು ವರ್ಷದ ಫ್ರೀಡಾ ಒಬ್ಬ ದಪ್ಪ ಹೆಂಗಸಿನ ಲಂಗದ ಹಿಂದೆ ಅವಿತು ನಿಂತು, "ಈ ಹೆಂಗ್ಸು ಯಾವಾಗ ವಾಪಸ್ ಹೋಗ್ತಾಳೆ?" ಎಂದು ಕೇಳಿತ್ತು. ಆ ಲಂಗದವಳೇ ಟ್ರೂಡಾ ಫ್ರೀಸೆನ್. ಮಕ್ಕಳಿಲ್ಲದ ವಿಧವೆ, ಅಜ್ಜನ ಕಾಲದಲ್ಲೇ ಬಂದು ಕೆನಡಾದ ಈ ಮ್ಯಾನಿಟೋಬಾ ಪ್ರಾಂತ್ಯದ ಹುಲ್ಲುಗಾವಲು ಉತ್ತ ಹಳೇ ಕುಳಗಳ ಪೈಕಿ. ಊರುಬಿಟ್ಟು ಬಂದ ಪೇಟರ್‌ಗೂ ಮಗುವಿಗೂ ತನ್ನ ಮನೆಯಲ್ಲೇ ಜಾಗ ಕೊಟ್ಟು ಎರಡು ವರ್ಷ ಫ್ರೀಡಾಳನ್ನು ಸಾಕಿದವಳು. ಹುಡುಗಿ ಅವಳನ್ನು ಟ್ರೂಡಮ್ಮ ಎಂದೂ ನೀನು ಎಂದೂ ಕರೆಯುತ್ತಿತ್ತು. ಹೆತ್ತವಳಿಗೆ ಅಮ್ಮ ಎಂಬ ಹೆಸರು ದಕ್ಕಿತು, ಜೊತೆಗೆ ನೀವು ಎಂಬ ಮರ್ಯಾದೆಯೂ ದಕ್ಕಿತು. ಆ ಮರ್ಯಾದೆ ಯಾರಿಗೆ ಬೇಕಿತ್ತು!

ಟ್ರೂಡಕ್ಕನಿಗೆ ಋಣಿಯಾಗಿರಬೇಕು ಎಂದು ಯುಸ್ತೀನಾ ದಿನವೂ ಪ್ರಾರ್ಥಿಸುತ್ತಿದ್ದಳು. ಪ್ರಾರ್ಥನೆ ಮುಗಿಸಿ ಎದ್ದೊಡನೆ ಅವಳಲ್ಲಿ ಹುಳುಕು ಹುಡುಕುತ್ತಿದ್ದಳು. ರಷ್ಯಾದಲ್ಲಿ ತನ್ನ ಅಪ್ಪನಿಗೆ ಹಿಟ್ಟಿನ ಗಿರಣಿ ಇತ್ತು, ಮನೆಯಲ್ಲಿ ಪಿಯಾನೋ ಇತ್ತು ಎಂದು ಮಾತಿನ ಮಧ್ಯೆ ತೂರಿಸುತ್ತಿದ್ದಳು. "ಇರ್ಲಿ ಬಿಡು, ಇಲ್ಲಿ ಹಸುಗಳು ಪಿಯಾನೋ ಇಲ್ದೇನೂ ಹಾಲು ಕೊಡ್ತವೆ," ಎನ್ನುತ್ತಿದ್ದಳು ಟ್ರೂಡಕ್ಕ. ಟ್ರೂಡಕ್ಕ ನಡೆಯುವಾಗ ಎಡಕ್ಕೊಮ್ಮೆ ವಾಲುತ್ತಿದ್ದಳು. ಒಂದು ಸಂಜೆ ಯುಸ್ತೀನಾ ಅಡುಗೆಮನೆಯಲ್ಲಿ ಆ ಬಾತುಕೋಳಿ ನಡಿಗೆಯನ್ನು ಗಂಡನಿಗೆ ಮಾಡಿ ತೋರಿಸಿದ್ದಳು. ಪೇಟರ್ ನಗಲಿಲ್ಲ. ಎದ್ದು ಕುದುರೆ ನೋಡಲು ಹೋದ. ಇವನಿಗೆ ಮೊದಲಿಂದಲೂ ಹಾಸ್ಯಪ್ರಜ್ಞೆ ಸಾಲದು ಎಂದುಕೊಂಡಳು.

ಹಿಂದಿನ ಭಾನುವಾರ ನದಿಯ ದಂಡೆಯಲ್ಲಿ ನಡೆದದ್ದು ಇದಕ್ಕೆಲ್ಲ ತುಪ್ಪ ಸುರಿದಿತ್ತು. ಫ್ರೀಡಾ ನೀರಿನಿಂದ ಗಡಗಡ ನಡುಗುತ್ತ ಎದ್ದುಬಂದಾಗ ಯುಸ್ತೀನಾ ಹೊಸ ಟವೆಲ್ ಬಿಡಿಸಿ ಹಿಡಿದು ನಿಂತಿದ್ದಳು. ಹುಡುಗಿ ಅವಳ ಪಕ್ಕದಿಂದಲೇ ಹಾದು ಟ್ರೂಡಕ್ಕನ ಹಳೇ ಉಣ್ಣೆಶಾಲಿನೊಳಗೆ ನುಗ್ಗಿಕೊಂಡಿತು. ಟವೆಲ್ ಬಿಡಿಸಿಯಾಗಿತ್ತು. ಏನಾದರೂ ಮಾಡಬೇಕಲ್ಲ, ಯುಸ್ತೀನಾ ಒಣಗಿದ್ದ ತನ್ನ ಮುಖವನ್ನೇ ಒರೆಸಿಕೊಂಡಳು.

ಕಾಲು ತಿಕ್ಕಿ ಮುಗಿದ ಮೇಲೆ ಇನ್ನೊಂದು ಕೆಲಸ ಬಾಕಿಯಿತ್ತು. ಮನಸ್ಸಿನಲ್ಲಿ ಮುನಿಸು ಇಟ್ಟುಕೊಂಡು ರೊಟ್ಟಿ ಮುಟ್ಟುವ ಹಾಗಿಲ್ಲ; ಶನಿವಾರ ಸಂಜೆಯೊಳಗೆ ಹೋಗಿ ರಾಜಿಯಾಗಿ ಬರಬೇಕು. ಮೊದಲು ಹೋಗಿ ಕ್ಷಮೆ ಕೇಳಿದವರದು ಒಂದು ಕೈ ಮೇಲು ಎಂಬುದು ಊರಿಗೆಲ್ಲ ಗೊತ್ತು, ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಯುಸ್ತೀನಾ ಆಗಷ್ಟೇ ಬೇಯಿಸಿದ ಸ್ವೀಬಾಕನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬೇಗ ಬೇಗ ಹೆಜ್ಜೆ ಹಾಕಿದಳು. ದೊಡ್ಡ ಬನ್ನಿನ ತಲೆಯ ಮೇಲೆ ಸಣ್ಣ ಬನ್ನು ಕೂರಿಸಿ ಬೇಯಿಸುವ ತಿಂಡಿ ಅದು. ಮೇಲಿನದು ಜಾರಿಬಿದ್ದರೆ ಬೇಯಿಸಿದವಳ ಮಾನವೂ ಅದರ ಜೊತೆಗೇ ಬಿದ್ದಂತೆ.

ಟ್ರೂಡಕ್ಕ ಅಂಗಳದಲ್ಲಿ ರೂಬಾರ್ಬ್ ಗಿಡದ ಹುಳಿ ದಂಟು ಕೊಯ್ಯುತ್ತಿದ್ದಳು.

"ಬಾ, ಕೂತ್ಕೋ. ಸೊಳ್ಳೆ ಕಚ್ಚುತ್ತೆ, ಕಾಲು ಆಡಿಸ್ತಾ ಇರು," ಎಂದಳು.

"ಟ್ರೂಡಕ್ಕ, ನಾಳೆ ರೊಟ್ಟಿ ಮುರಿಯೋ ದಿನ. ಒಳಗೆ ಕಹಿ ಇಟ್ಕೊಂಡು ನಾನದನ್ನ ಮುಟ್ಟಬಾರ್ದು. ನಿಮ್ಮ ಮೇಲೆ ನಂಗೆ ಕೋಪ ಬಂದಿತ್ತು. ಕ್ಷಮಿಸ್ಬೇಕು."

"ಯಾವತ್ತು ಬಂತು?"

"ನದಿ ಹತ್ರ. ನೀವು ಶಾಲು ಹಿಡ್ಕೊಂಡು ನಿಂತಿದ್ರಲ್ಲ, ಆವಾಗ."

"ಓಹೋ! ಅದಕ್ಕೇನಾ ಒಂದು ವಾರದಿಂದ ಈ ಕಡೆ ತಲೆ ಹಾಕ್ಲಿಲ್ಲ? ನಾನು ನಿಂಗೆ ಹೊಟ್ಟೆ ಕೆಟ್ಟಿದೆ ಅಂದ್ಕೊಂಡಿದ್ದೆ."

"ಹೊಟ್ಟೆ ಅಲ್ಲಕ್ಕ, ಮನಸ್ಸು."

"ನಂಗೆ ಗೊತ್ತೇ ಇರ್ಲಿಲ್ಲ ನೋಡು. ಈಗ ನೀನು ಹೇಳಿದ ಮೇಲೆ ನಂಗೂ ಸಿಟ್ಟು ಬರ್ತಾ ಇದೆ."

"ತಪ್ಪು ನಂದೇ," ಎಂದಳು ಯುಸ್ತೀನಾ, ದಾರಿಯುದ್ದಕ್ಕೂ ಹೇಳಿ ಹೇಳಿ ಹದ ಮಾಡಿಕೊಂಡು ಬಂದ ದನಿಯಲ್ಲಿ.

"ನಿಂದ್ಯಾಕಾಗುತ್ತೆ? ಹೆತ್ತವಳು ಟವೆಲ್ ಹಿಡ್ಕೊಂಡು ನಿಂತಿರೋವಾಗ ನಾನು ಮಧ್ಯೆ ಹೋಗಬಾರ್ದಿತ್ತು. ತಪ್ಪು ನಂದು."

"ಇಲ್ಲ, ಇಲ್ಲ. ನಂದು."

"ನಂದು ಅಂದ್ನಲ್ಲ!"

"ಕ್ಷಮೆ ಕೇಳೋಕೆ ನಡ್ಕೊಂಡು ಬಂದಿರೋಳು ನಾನು, ಟ್ರೂಡಕ್ಕ!"

"ಬಾ ಅಂತ ನಿನ್ನ ಕರೆದೋರ್ಯಾರು?"

ಇಬ್ಬರೂ ಒಬ್ಬರನ್ನೊಬ್ಬರು ಕ್ಷಮಿಸಿದರು, ನಿಯಮದಂತೆ ಕೆನ್ನೆಗೆ ಮುತ್ತಿಟ್ಟರು. ಅಷ್ಟರಲ್ಲಿ ಟ್ರೂಡಕ್ಕ ಬಟ್ಟೆ ಬಿಚ್ಚಿ ನೋಡಿ, "ಅಯ್ಯೋ, ಇದರ ತಲೆ ಬಿದ್ದುಹೋಗಿದೆಯಲ್ಲೇ," ಎಂದು ಜಾರಿದ ಸಣ್ಣ ಬನ್ನನ್ನು ಎತ್ತಿ ದೊಡ್ಡದರ ಮೇಲೆ ಕೂರಿಸಿದಳು. ಬರುವಾಗ ಇದ್ದದ್ದಕ್ಕಿಂತ ಎರಡು ಪಟ್ಟು ಮುನಿಸು ಹೊತ್ತುಕೊಂಡು ಯುಸ್ತೀನಾ ಮನೆಗೆ ಬಂದಳು. ಆದರೆ ಲೆಕ್ಕಕ್ಕೆ ರಾಜಿಯಾಗಿತ್ತು.

ಭಾನುವಾರ ಅವಳು ಸಭೆಮನೆಗೆ ಎಲ್ಲರಿಗಿಂತ ಮೊದಲೇ ಹೋದಳು. ಕೊನೆಯ ಬೆಂಚು ಹಿಡಿದಳು. ಕೆಳಗಿನ ಸ್ಥಾನದಲ್ಲಿ ಕೂರುವವನು ಧನ್ಯ ಎಂಬುದು ಒಂದು ಕಾರಣ, ಆ ಬೆಂಚಿನಲ್ಲಿ ನಾಲ್ಕೇ ಜನ ಕೂರುತ್ತಾರೆ ಎಂಬುದು ನಿಜವಾದ ಕಾರಣ. ಜೋಡಿ ಮಾಡುವುದು ನಡುದಾರಿಯ ಕಡೆಯಿಂದ. ಆ ತುದಿಗೆ ಪೆನ್ನರ್ ಅಜ್ಜಿ, ಅವಳ ಪಕ್ಕ ಟೀನಾ ವಾಲ್. ಅವರದೊಂದು ಜೋಡಿ. ಆಮೇಲೆ ತಾನು, ಗೋಡೆಯ ಪಕ್ಕಕ್ಕೆ ಫ್ರೀಡಾ. ಇದನ್ನು ದೇವರೂ ತಪ್ಪಿಸುವ ಹಾಗಿರಲಿಲ್ಲ.

ಸಭೆಯ ಹಿರಿಯ ಉಂಗರ್ ಬಹಳ ಹೊತ್ತು ಉಪದೇಶ ಮಾಡಿದ. ರೊಟ್ಟಿ ಬಂತು, ಹೋಯಿತು. ಬಟ್ಟಲು ಬಂತು, ಹೋಯಿತು. ಗಂಡಸರ ಕಡೆಯಲ್ಲಿ ಬೂಟು ಬಿಚ್ಚುವ ಸದ್ದು ಶುರುವಾಯಿತು. ಸಭೆಯ ಸೇವಕನಾದ ಡೀಕನ್ನನ ಹೆಂಡತಿ ಬೋಗುಣಿ, ಟವೆಲ್ ತಂದು ಬೆಂಚಿನ ತುದಿಗೆ ಇಡುವ ಹೊತ್ತಿಗೆ ಹಿಂಬಾಗಿಲು ಕಿರ್ರೆಂದಿತು.

"ಸ್ವಲ್ಪ ಸರೀರಮ್ಮ. ಹಸು ಕರು ಹಾಕ್ತು, ತಡ ಆಯ್ತು. ಮುಂದೆ ಜಾಗ ಇಲ್ಲ," ಎಂದು ಏದುಸಿರು ಬಿಡುತ್ತ ಬಂದ ಟ್ರೂಡಕ್ಕ, ಟೀನಾಗೂ ಯುಸ್ತೀನಾಗೂ ನಡುವೆ ಧಡಕ್ಕನೆ ಕೂತಳು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಅಜ್ಜಿ ಮತ್ತು ಟೀನಾ ಒಂದು ಜೋಡಿ, ಟ್ರೂಡಕ್ಕ ಮತ್ತು ತಾನು ಒಂದು ಜೋಡಿ, ಫ್ರೀಡಾ ಗೋಡೆಯ ಪಕ್ಕ ಒಬ್ಬಳೇ! ಹಾಳು ಕರು ಇನ್ನೊಂದು ಗಂಟೆ ತಡೆಯಬಾರದಿತ್ತೇ ಎಂದು ಯುಸ್ತೀನಾ ಹಲ್ಲು ಕಚ್ಚಿದಳು. ಬಾಯಲ್ಲಿ ರೊಟ್ಟಿಯ ರುಚಿ ಇನ್ನೂ ಆರಿರಲಿಲ್ಲ.

ಬೋಗುಣಿ ಬಂತು. ಎಲ್ಲರೂ ಹಾಡುತ್ತಿದ್ದರು. ಯುಸ್ತೀನಾ ಮಂಡಿಯೂರಿದಳು. ಇಷ್ಟು ವರ್ಷ ಈ ದಿನ ಬಂದಾಗಲೆಲ್ಲ ಅವಳು ಟ್ರೂಡಕ್ಕನಿಂದ ದೂರದ ಬೆಂಚು ನೋಡಿಕೊಂಡಿದ್ದಳು. ಹಾಗಾಗಿ ಆ ಕಾಲುಗಳನ್ನು ಅವಳು ಕಂಡೇ ಇರಲಿಲ್ಲ. ಬಲಗಾಲು ತೊಳೆದಳು, ಒರೆಸಿದಳು. ಎಡಗಾಲನ್ನು ನೀರಿಗಿಟ್ಟಾಗ ಕೈಗೆ ಏನೋ ಕಡಿಮೆ ಸಿಕ್ಕಿತು. ಬಗ್ಗಿ ನೋಡಿದಳು. ಹೆಬ್ಬೆರಳಿತ್ತು, ಅದರ ಪಕ್ಕದ ಬೆರಳಿತ್ತು. ಆಮೇಲೆ ಬರೀ ನುಣುಪಾದ, ಬಿಳಿಚಿದ ಗಾಯದ ಗೆರೆ.

"ಇದೇನಿದು?" ಎಂದಳು ಪಿಸುದನಿಯಲ್ಲಿ.

"ಚಳಿ ತಿಂತು. ಹಾಡು, ಜನ ನೋಡ್ತಾರೆ."

"ಯಾವಾಗ?"

"ಹಳೇದು ಬಿಡೇ. ಫ್ರೀಡಾಗೆ ಗಂಟಲಮಾರಿ ಆಗಿತ್ತಲ್ಲ, ಆ ಚಳಿಗಾಲ."

ಯುಸ್ತೀನಾ ಬೋಗುಣಿಯಲ್ಲಿ ಕೈಬಿಟ್ಟುಕೊಂಡೇ ತಲೆ ಎತ್ತಿದಳು. "ಫ್ರೀಡಾಗೆ ಗಂಟಲಮಾರಿ ಆಗಿತ್ತಾ?"

"ಮೆಲ್ಲಗೆ. ನೀನಿನ್ನೂ ಇಂಗ್ಲೆಂಡಲ್ಲಿದ್ದೆ. ಪೇಟರ್ ಮರ ಕಡಿಯೋಕೆ ಕಾಡಿಗೆ ಹೋಗಿದ್ದ. ಕುದುರೆ ಹಿಮದಲ್ಲಿ ಹೂತ್ಕೊಂತು. ಡಾಕ್ಟರ ಹತ್ರಕ್ಕೆ ಎತ್ಕೊಂಡೇ ನಡೆದೆ. ನನ್ನ ಉಣ್ಣೆ ಕಾಲುಚೀಲ ಬಿಚ್ಚಿ ಅವಳ ಎದೆಗೆ ಸುತ್ತಿದ್ದೆ, ಬೂಟೊಳಗೆ ಹಿಮ ಹೋಗಿದ್ದು ಗೊತ್ತಾಗ್ಲಿಲ್ಲ."

"ಹುಡುಗಿ ಚೆನ್ನಾಗಿದ್ದಾಳೆ ಅಂತ ಹೇಳಿ ಕಳಿಸಿದ್ರಲ್ಲ ನೀವು!"

"ಚೆನ್ನಾಗೇ ಇದ್ಲಲ್ಲ. ಹೋಗಿದ್ದು ನನ್ನ ಬೆರಳು ತಾನೆ? ನೀನು ಅಳಬಾರ್ದು, ಅತ್ತರೆ ಕಣ್ಣು ವಾಸಿ ಆಗಲ್ಲ ಅಂತಿದ್ರು. ಅದಕ್ಕೆ ಹೇಳ್ಲಿಲ್ಲ."

"ಬಂದ ಮೇಲಾದ್ರೂ ಹೇಳಬಾರ್ದಿತ್ತಾ? ಇಷ್ಟು ವರ್ಷ!"

"ಬಂದ ಮೇಲೆ ಹೇಳಿದ್ರೆ ಬಡಾಯಿ ಆಗುತ್ತೆ. ಪೇಟರ್‌ಗೂ ಬಾಯಿ ಬಿಡಬೇಡ ಅಂದಿದ್ದೆ. ಒರೆಸು, ನೀರು ತಣ್ಣಗಿದೆ."

ಯುಸ್ತೀನಾ ಒರೆಸಿದಳು. ಬಾತುಕೋಳಿಯಂತೆ ವಾಲುವ ತಾಳಕ್ಕೆ ತಾನು ಸೊಂಟ ಕುಣಿಸಿದ್ದು, ಪೇಟರ್ ಎದ್ದು ಹೊರಗೆ ಹೋದದ್ದು ನೆನಪಾಗಿ ಅವಳಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಜೊತೆಗೆ ಸಿಟ್ಟೂ ಬಂತು. ಇವಳು ಒಂದು ಸಲ ಬಡಾಯಿ ಕೊಚ್ಚಿಕೊಂಡಿದ್ದರೆ ಇಬ್ಬರೂ ಹದಿಮೂರು ವರ್ಷ ನೆಮ್ಮದಿಯಿಂದ ಇರಬಹುದಿತ್ತು. ಎಂಥ ಜನ ನಾವು! ಪಾಪವನ್ನು ಸಭೆಯಲ್ಲಿ ನಿಂತು ಹೇಳುತ್ತೇವೆ, ಪುಣ್ಯವನ್ನು ಕಳ್ಳಮಾಲಿನ ಹಾಗೆ ಬಚ್ಚಿಡುತ್ತೇವೆ. ಈಗ ಅಳಬಾರದೆಂದು ಹೇಳುವ ಡಾಕ್ಟರು ಇರಲಿಲ್ಲ. ಅವಳು ಆ ಟವೆಲಿನಲ್ಲೇ ಕಣ್ಣೊರೆಸಿಕೊಂಡಳು. ಈ ಸಲ ಮುಖ ನಿಜವಾಗಿಯೂ ಒದ್ದೆಯಾಗಿತ್ತು.

ಸರದಿ ಬದಲಾಯಿತು. ಟ್ರೂಡಕ್ಕ ನರಳುತ್ತ ಕೆಳಗೆ ಕೂತು ಯುಸ್ತೀನಾಳ ಕಾಲನ್ನು ಎತ್ತಿ ಹಿಡಿದು, ತಿರುಗಿಸಿ ನೋಡಿ, ಮೂಸಿ, ಹೆಬ್ಬಾತಿನ ಕೊಬ್ಬಿನ ವಾಸನೆ ಹಿಡಿದಳು.

"ಇಷ್ಟು ಚೆನ್ನಾಗಿ ತೊಳ್ಕೊಂಡು ಬಂದುಬಿಟ್ಟಿದ್ದೀಯ. ನಂಗೇನು ಉಳಿಸಿದ್ದೀಯೇ?" ಎಂದಳು.

ತಮಾಷೆಗೆ ಆಡಿದ ಆ ಮಾತು ಯುಸ್ತೀನಾಳ ಎದೆಗೇ ನಾಟಿತು.

ಗೋಡೆಯ ಪಕ್ಕದಲ್ಲಿ ಫ್ರೀಡಾ ಒಬ್ಬಳೇ ಉಳಿದಿದ್ದಳು. ಜೋಡಿಯಿಲ್ಲದವರು ಪಕ್ಕದವರಿಗೆ ಮಾಡಬೇಕು, ಅದು ರೂಢಿ; ಸಿಟ್ಟಿನಲ್ಲಿ ಯುಸ್ತೀನಾಗೆ ಅದು ಮರೆತೇಹೋಗಿತ್ತು. ಹುಡುಗಿ ಬೋಗುಣಿ ಎಳೆದುಕೊಂಡು ಬಂದು ಯುಸ್ತೀನಾಳ ಮುಂದೆ ಮಂಡಿಯೂರಿತು. ಮುಂದಿನ ಬೆಂಚಿನವರು ತಿರುಗಿ ನೋಡುತ್ತಿದ್ದರು.

"ಅಮ್ಮ, ಕಾಲು ಕೊಡಿ," ಎಂದಿತು.

ಶನಿವಾರದಿಂದ, ಅಲ್ಲ, ಆ ರೈಲು ನಿಲ್ದಾಣದಿಂದ ಕಾದಿದ್ದ ಗಳಿಗೆ ಇದು. ಯುಸ್ತೀನಾ ಎರಡೂ ಕಾಲನ್ನು ಬೆಂಚಿನಡಿಗೆ ಎಳೆದುಕೊಂಡಳು.

"ನಂದು ಆಯ್ತು. ಟ್ರೂಡಮ್ಮನ ಕಾಲು ತೊಳಿ. ಎಡಗಾಲು ನೋಡು ಮಗಾ. ಎಲ್ಲಿ ಹೋದ್ವು ಆ ಬೆರಳುಗಳು ಅಂತ ಕೇಳು."

"ಬಾಯಿ ಮುಚ್ಚೇ," ಎಂದಳು ಟ್ರೂಡಕ್ಕ.

"ನಾನು ಮುಚ್ಚಲ್ಲ. ನೀವು ಹೇಳಿದ್ರೆ ತಾನೆ ಬಡಾಯಿ? ನಾನು ಹೇಳ್ತೀನಿ." ಹೇಳಿಯೂ ಬಿಟ್ಟಳು, ಹಾಡಿನ ಎರಡು ಚರಣಗಳು ಮುಗಿಯುವಷ್ಟರಲ್ಲಿ, ಸಾಕಷ್ಟು ಜೋರಾಗಿಯೇ.

ಫ್ರೀಡಾ ಆ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು ತಲೆ ತಗ್ಗಿಸಿಕೊಂಡು ಮೆಲ್ಲಗೆ ತೊಳೆದಳು. ಟ್ರೂಡಕ್ಕ ಚಾವಣಿ ನೋಡುತ್ತಿದ್ದಳು. ಯುಸ್ತೀನಾಳ ಎದೆ ಹಗುರಾಗಿತ್ತು. ಹಗುರಾದ ಮರುಕ್ಷಣವೇ, ಕೈಗೆ ಬಂದ ತುತ್ತನ್ನು ಬಿಟ್ಟುಕೊಟ್ಟೆನಲ್ಲ, ಎಂಥ ದೊಡ್ಡ ಮನಸ್ಸು ನನ್ನದು, ಮುಂದಿನ ಬೆಂಚಿನವರಿಗೆ ಸರಿಯಾಗಿ ಕಂಡಿತೋ ಇಲ್ಲವೋ ಎಂದು ಕತ್ತು ಎತ್ತಿ ನೋಡುತ್ತಿರುವುದು ಅವಳ ಗಮನಕ್ಕೆ ಬಂತು. ನಾಯಿ ಬಾಲ ಡೊಂಕೇ. ಸಭೆಮನೆಯಲ್ಲಿ ಕೂತು ಅವಳಿಗೆ ನಗು ಉಕ್ಕಿತು; ಕೆಮ್ಮಿದಂತೆ ಮಾಡಿ ನುಂಗಿಕೊಂಡಳು. ಅಷ್ಟರಲ್ಲಿ ಹಿರಿಯ ಉಂಗರ್ ಎದ್ದು ಆಶೀರ್ವಾದ ಹೇಳಿ ಮುಗಿಸಿದ.

ಮಧ್ಯಾಹ್ನದ ಕಾಫಿಗೆ ಯುಸ್ತೀನಾ, ಪೇಟರ್, ಫ್ರೀಡಾ ಮೂವರೂ ಟ್ರೂಡಕ್ಕನ ಮನೆಗೆ ಹೋದರು. ಬೆಳಿಗ್ಗೆ ಮಳೆ ಬಿದ್ದು ದಾರಿ ಕಪ್ಪು ಅಂಟುಮಣ್ಣಾಗಿತ್ತು. ಫ್ರೀಡಾ ಹೊಸ ಶೂ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆದು ಬಂದು, ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು. ಮೀನಖಂಡದವರೆಗೂ ಕೆಸರು. ಪೇಟರ್ ಮೇಜಿನ ಹತ್ತಿರ ಹುರಿದ ಬಾರ್ಲಿಯ ಕಾಫಿಯಲ್ಲಿ ಸ್ವೀಬಾಕ್ ಅದ್ದಿ ತಿನ್ನುತ್ತಿದ್ದ. ಯುಸ್ತೀನಾ ಅವನ ಮುಂದೆ ಇನ್ನೂ ಎರಡು ಸ್ವೀಬಾಕ್ ಇಟ್ಟಳು. ಅವನು ಅವಳ ಮುಖ ನೋಡಿ, ಏನೋ ಗೊತ್ತಾದವನಂತೆ ತಲೆಯಾಡಿಸಿದ.

"ಒಂದು ವಿಷ್ಯ," ಎಂದಳು ಫ್ರೀಡಾ ಹೊಸ್ತಿಲಿಂದ. "ನನ್ನ ಕಾಲು ಯಾರೂ ತೊಳೀಲೇ ಇಲ್ವಲ್ಲ?"

ಹೌದು. ಮಗಳ ಮೊದಲ ಸೇವೆ. ತನ್ನ ಕಾಲು ತೊಳೆಯಲಿ ಎಂದು ಯುಸ್ತೀನಾ ಯೋಚಿಸಿದ್ದಳು, ಟ್ರೂಡಕ್ಕನ ಕಾಲು ತೊಳೆಯಲಿ ಎಂದು ಬಿಟ್ಟುಕೊಟ್ಟಿದ್ದಳು. ಹುಡುಗಿಗೂ ಎರಡು ಕಾಲಿದೆ ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ.

ಯುಸ್ತೀನಾ ಪಾತ್ರೆ ತೊಳೆಯುವ ಬೋಗುಣಿ ಎತ್ತಿಕೊಂಡಳು. ಟ್ರೂಡಕ್ಕ ಒಲೆಯ ಮೇಲಿನ ಬಿಸಿನೀರು ತಂದಳು. ಇಬ್ಬರೂ ಹೊಸ್ತಿಲಲ್ಲಿ ಒಟ್ಟಿಗೇ ಮಂಡಿಯೂರಿ, ಒಬ್ಬರ ಭುಜ ಒಬ್ಬರಿಗೆ ತಾಗಿ, ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು.

"ನೀವು ಮೊದ್ಲು ತೊಳೀರಿ, ಟ್ರೂಡಕ್ಕ."

"ನಾನ್ಯಾಕೆ? ಹೆತ್ತೋಳು ನೀನು."

"ಹಿಮದಲ್ಲಿ ಎತ್ಕೊಂಡು ನಡೆದೋರು ನೀವು."

"ಮತ್ತೆ ಶುರು ಮಾಡ್ಬೇಡ್ವೇ!"

"ಅಯ್ಯೋ, ನೀರು ಆರುತ್ತೆ," ಎಂದು ಫ್ರೀಡಾ ಎರಡೂ ಕಾಲನ್ನು ಒಟ್ಟಿಗೇ ಬೋಗುಣಿಗೆ ಇಳಿಸಿದಳು. ಕೆಸರುನೀರು ಇಬ್ಬರ ಭಾನುವಾರದ ಏಪ್ರನ್ ಮೇಲೂ ಚಿಮ್ಮಿತು. ಎಡಗಾಲು ಟ್ರೂಡಕ್ಕನ ಪಾಲಿಗೆ ಬಂತು, ಬಲಗಾಲು ಯುಸ್ತೀನಾಳ ಪಾಲಿಗೆ. ಕೆಸರು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಬೆರಳ ಸಂದಿಯಲ್ಲೆಲ್ಲ ತಿಕ್ಕಿ ತಿಕ್ಕಿ ತೆಗೆಯಬೇಕಾಯಿತು. ಇಬ್ಬರಿಗೂ ಕೈತುಂಬ ಕೆಲಸವಿತ್ತು.